ಗಾಡಿ ಯಾಕೆ ಕುಲುಕುತ್ತದೆ? ಗ್ಯಾರೇಜಿಗೆ ಒಯ್ಯುವ ಮೊದಲು ಅಂಗಳದಲ್ಲೇ ನೋಡಿಕೊಳ್ಳುವ ಬಗೆ

ಶಿರಸಿಯಿಂದ ಕುಮಟಾಕ್ಕೆ ಇಳಿಯುವಾಗ ದೇವಿಮನೆ ಘಟ್ಟದ ತಿರುವಿನಲ್ಲಿ ಮೊದಲ ಸಲ ಆ ಸದ್ದು ಕೇಳಿತು. ಎಡಗಡೆ, ಮುಂದೆ, ಕಟಕಟ. ಹೊಂಡ ಬಂದರೆ ಕಟಕಟ, ಹೊಂಡ ದಾಟಿದರೆ ಸುಮ್ಮನೆ. ಮಳೆಗಾಲ ಮುಗಿದು ಹದಿನೈದು ದಿನವಾಗಿತ್ತು. ರಸ್ತೆ ಹೇಗಿತ್ತು ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮರುವಾರ ಗ್ಯಾರೇಜಿಗೆ ಹೋಗಿ, "ಗಾಡಿ ಕುಲುಕ್ತದೆ, ಸದ್ದೂ ಬರ್ತದೆ, ಸ್ವಲ್ಪ ನೋಡಿ" ಅಂದೆ. ಸಂಜೆಗೆ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಹೊಸದಾಗಿದ್ದವು. ಬಿಲ್ಲು ಕಟ್ಟಿ ಹೊರಟೆ. ಮನೆಗೆ ತಿರುಗುವ ಕ್ರಾಸಿನಲ್ಲಿ ಮೊದಲ ಹೊಂಡ ಸಿಕ್ಕಿತು. ಕಟಕಟ.

ಕೊನೆಗೆ ಸಿಕ್ಕಿಬಿದ್ದದ್ದು ಲಿಂಕ್ ರಾಡ್. ಬೆರಳು ದಪ್ಪದ ಒಂದು ಕಂಬಿ, ಎರಡು ತುದಿಗೆ ಎರಡು ಗುಂಡು. ಬೆಲೆ ಕೆಲವು ನೂರು ರೂಪಾಯಿ. ತಪ್ಪು ಗ್ಯಾರೇಜಿನದ್ದು ಅರ್ಧ, ನನ್ನದು ಅರ್ಧ. ಡಾಕ್ಟರ ಹತ್ತಿರ ಹೋಗಿ "ಮೈ ಸರಿ ಇಲ್ಲ" ಅಂತಷ್ಟೇ ಹೇಳಿದರೆ ಅವರಾದರೂ ಏನು ಮಾಡಬೇಕು? ನಾನು ಮಾಡಿದ್ದು ಅದನ್ನೇ.

ಅಂದಿನಿಂದ ಗಾಡಿಯಲ್ಲಿ ಏನೇ ವ್ಯತ್ಯಾಸ ಕಂಡರೂ ಮೊದಲು ಅಂಗಳದಲ್ಲೇ ನೋಡುತ್ತೇನೆ. ಬಹಳ ಸಾಮಾನು ಬೇಡ. ಒಂದು ಟಾರ್ಚು, ಗಾಳಿ ಅಳೆಯುವ ಗೇಜು, ಗಾಡಿಯ ಜೊತೆ ಬಂದ ಜಾಕ್, ಒಂದು ಹಳೆಯ ಗೋಣಿಚೀಲ. ಜೊತೆಗೆ, ಹೇಳಿದ್ದನ್ನು ಕೇಳುವ ಒಬ್ಬರು.

ಮೊದಲು ತೊಂದರೆಗೆ ಹೆಸರಿಡಿ

"ಗಾಡಿ ಕುಲುಕುತ್ತದೆ" ಅನ್ನುವ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ದೂರುಗಳಿವೆ. ಬೇರೆ ಮಾಡಿಕೊಳ್ಳದಿದ್ದರೆ ನನ್ನ ಹಾಗೆ ದುಡ್ಡು ಸುರಿಯುತ್ತೀರಿ.

ಒಂದು, ಕುಟ್ಟುವುದು. ಸಣ್ಣ ಕಲ್ಲು ಹತ್ತಿದರೂ ಬೆನ್ನಿಗೆ ಗೊತ್ತಾಗುತ್ತದೆ. ಎರಡು, ತೂಗುವುದು. ಹಂಪ್ಸ್ ದಾಟಿದ ಮೇಲೂ ಗಾಡಿ ದೋಣಿಯ ಹಾಗೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಬ್ರೇಕ್ ಒತ್ತಿದರೆ ಮೂಗು ಜಾಸ್ತಿ ಬಗ್ಗುತ್ತದೆ, ತಿರುವಿನಲ್ಲಿ ಮೈ ವಾಲುತ್ತದೆ. ಮೂರು, ನಡುಗುವುದು. ನುಣ್ಣಗಿನ ರಸ್ತೆಯಲ್ಲಿ ಒಂದು ವೇಗ ಮುಟ್ಟಿದ ಕೂಡಲೇ ಸ್ಟೇರಿಂಗೋ ಸೀಟೋ ಝುಂ ಅನ್ನುತ್ತದೆ. ನಾಲ್ಕು, ಬರೀ ಸದ್ದು. ಗಾಡಿ ಸರಿಯಾಗಿಯೇ ಹೋಗುತ್ತದೆ, ಆದರೆ ಕೆಳಗೆ ಯಾರೋ ತಟ್ಟಿದ ಹಾಗೆ.

ಇಲ್ಲಿ ಒಂದು ವಿಷಯ ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಗಾಡಿಯ ಭಾರ ಹೊರುವುದು ಸ್ಪ್ರಿಂಗು. ಹೊಂಡದ ಪೆಟ್ಟನ್ನು ಮೊದಲು ತಿನ್ನುವುದು ಟೈರು, ಆಮೇಲೆ ಸ್ಪ್ರಿಂಗು. ಶಾಕ್ ಅಬ್ಸಾರ್ಬರಿನ ಕೆಲಸ ಬೇರೆ. ಒತ್ತಿದ ಸ್ಪ್ರಿಂಗು ಸುಮ್ನೆ ಕುಣಿಯುತ್ತ ಇರದ ಹಾಗೆ ಅದು ಹಿಡಿದು ನಿಲ್ಲಿಸುತ್ತದೆ. ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗುವಾಗ ಆ ಕುಣಿತದ ಶಕ್ತಿ ಶಾಖವಾಗಿ ಹೋಗುತ್ತದೆ. ಹಾಗಾಗಿ ಶಾಕ್ ಅಬ್ಸಾರ್ಬರ್ ಸತ್ತರೆ ಗಾಡಿ ಸಾಮಾನ್ಯವಾಗಿ ತೂಗುತ್ತದೆ. ಕುಟ್ಟುವ ದೂರಿಗೆ ಮೊದಲ ಅನುಮಾನ ಅದರ ಮೇಲೆ ಬರಬಾರದು, ಟೈರಿನ ಮೇಲೆ ಬರಬೇಕು. ಹೆಸರು ಕೇಳಿ ಎಲ್ಲರೂ ತಿರುಗುಮುರುಗು ಮಾಡುತ್ತಾರೆ.

ಇನ್ನೊಂದು. ನುಣ್ಣಗಿನ ರಸ್ತೆಯಲ್ಲಿ ಸಸ್ಪೆನ್ಶನ್ನಿಗೆ, ಅಂದರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಮತ್ತು ಅವುಗಳ ಜೋಡಣೆಗೆ, ಹೆಚ್ಚು ಕೆಲಸವಿಲ್ಲ. ಅಲ್ಲಿ ನಡುಗಿದರೆ ತಿರುಗುವ ಭಾಗ ಯಾವುದೋ ಸರಿ ಇಲ್ಲ ಎಂದರ್ಥ. ಟೈರು, ರಿಮ್, ಬೇರಿಂಗ್, ಆಕ್ಸಲ್. ಹೊಂಡದಲ್ಲಿ ಮಾತ್ರ ಸದ್ದು ಬಂದರೆ ಮೇಲೆ ಕೆಳಗೆ ಆಡುವ ಭಾಗ ನೋಡಬೇಕು.

ಡಿಕ್ಕಿ ಖಾಲಿ ಮಾಡಿ, ಒಂದು ಸುತ್ತು ಹೋಗಿ ಬನ್ನಿ

ನಗಬೇಡಿ. ಡಿಕ್ಕಿಯ ಜಾಕ್, ವೀಲ್ ಪಾನಾ, ಸೀಟಿನ ಕೆಳಗಿನ ನೀರಿನ ಬಾಟಲಿ, ಕೊಡೆ, ಮೂರು ತಿಂಗಳಿನಿಂದ ಉಳಿದ ತೆಂಗಿನಕಾಯಿ, ಎಲ್ಲ ಇಳಿಸಿ. ಸ್ಟೆಪ್ನಿ ಬಿಗಿಯಾಗಿದೆಯೇ ನೋಡಿ. ಹಿಂದೆ ಲೊಟಲೊಟ ಅನ್ನುವ ಸದ್ದು ಬಹಳ ಸಲ ಸಡಿಲ ಸ್ಟೆಪ್ನಿಯದ್ದೇ ಆಗಿರುತ್ತದೆ. ನಂಬರ್ ಪ್ಲೇಟಿನ ಸ್ಕ್ರೂ ಬಿಟ್ಟು ಸದ್ದು ಬಂದದ್ದೂ ಉಂಟು.

ಆಮೇಲೆ ಒಬ್ಬರನ್ನು ಪಕ್ಕಕ್ಕೆ ಕೂರಿಸಿಕೊಂಡು ಹೊರಡಿ. ನೀವು ಓಡಿಸಿ, ಅವರು ಬರೆಯಲಿ. ಶಿರಸಿ ಪೇಟೆಯೊಳಗೆ ಎಷ್ಟು ಸುತ್ತಿದರೂ ನಡುಕ ಹಿಡಿಯುವ ವೇಗ ಸಿಗುವುದಿಲ್ಲ. ಅದಕ್ಕೆ ಕುಮಟಾ-ಅಂಕೋಲಾ ನಡುವಿನ ರಾಷ್ಟ್ರೀಯ ಹೆದ್ದಾರಿ 66ರಂಥ ಅಗಲ ರಸ್ತೆಯೇ ಬೇಕು. ಅಲ್ಲಿ 60ರಿಂದ 90ರವರೆಗೆ ನಿಧಾನಕ್ಕೆ ಏರಿಸಿ. ಯಾವ ವೇಗದಲ್ಲಿ ನಡುಕ ಶುರುವಾಯಿತು, ಯಾವ ವೇಗದಲ್ಲಿ ನಿಂತಿತು ಬರೆಸಿ. ನಡುಕ ಸ್ಟೇರಿಂಗಿನಲ್ಲೋ ಸೀಟಿನಲ್ಲೋ? ಸ್ಟೇರಿಂಗಿನಲ್ಲಾದರೆ ಹೆಚ್ಚಾಗಿ ಮುಂದಿನ ಗಾಲಿ, ಸೀಟಿನಲ್ಲಾದರೆ ಹಿಂದಿನದು. ಆಕ್ಸಿಲೇಟರ್ ಬಿಟ್ಟಾಗ ಕಡಿಮೆಯಾಗುತ್ತದೆಯೋ? ಬ್ರೇಕ್ ಒತ್ತಿದಾಗ ಮಾತ್ರವೋ?

ಸದ್ದಿನ ದೂರಿಗೆ ಹೆದ್ದಾರಿ ಉಪಯೋಗವಿಲ್ಲ. ಊರ ಕಡೆಯ ಮಣ್ಣು ರಸ್ತೆ ಬೇಕು. ಕಿಟಕಿ ಇಳಿಸಿ, ರೇಡಿಯೋ, ಫ್ಯಾನು ಬಂದ್ ಮಾಡಿ, ಎರಡನೇ ಗೇರಿನಲ್ಲಿ 15-20ರ ವೇಗದಲ್ಲಿ ಹೋಗಿ. ಕಾಂಪೌಂಡ್ ಗೋಡೆ ಇರುವ ಕಡೆ ಹೋದರೆ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ, ಎಡವೋ ಬಲವೋ ಸ್ಪಷ್ಟವಾಗುತ್ತದೆ. ಒಂದು ಸಲ ಎರಡೂ ಗಾಲಿ ಒಟ್ಟಿಗೆ ಹತ್ತುವ ಹಂಪ್ಸ್, ಇನ್ನೊಂದು ಸಲ ಒಂದೇ ಗಾಲಿ ಇಳಿಯುವ ಹೊಂಡ. ಈ ಎರಡರ ವ್ಯತ್ಯಾಸ ಗಮನಿಸಿ. ಮುಂದೆ ಬೇಕಾಗುತ್ತದೆ.

ಟೈರು: ಅರ್ಧಕ್ಕರ್ಧ ಕಥೆ ಇಲ್ಲೇ

ಡ್ರೈವರ್ ಬದಿಯ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಮುಂದೆ ಇಷ್ಟು, ಹಿಂದೆ ಇಷ್ಟು, ತುಂಬು ಭಾರಕ್ಕೆ ಇಷ್ಟು ಅಂತ. ಹೆಚ್ಚಿನ ಸಣ್ಣ ಕಾರುಗಳಿಗೆ ಗಾಳಿಯ ಒತ್ತಡ 30ರ ಆಸುಪಾಸಿನ ಪಿಎಸ್‌ಐ. ಟೈರಿನ ಪಕ್ಕೆಯ ಮೇಲೆ ಬರೆದ ದೊಡ್ಡ ಅಂಕಿ ಅದಲ್ಲ. ಅದು ಆ ಟೈರು ತಡೆಯುವ ಗರಿಷ್ಠ ಒತ್ತಡ. ಅದನ್ನು ನೋಡಿ ಗಾಳಿ ಹೊಡೆಸಿದವರ ಗಾಡಿಯಲ್ಲಿ ಕೂತರೆ ಎತ್ತಿನ ಗಾಡಿ ನೆನಪಾಗುತ್ತದೆ.

ಗಾಳಿ ಅಳೆಯುವುದು ಟೈರು ತಣ್ಣಗಿದ್ದಾಗ. ಬೆಳಿಗ್ಗೆ ಗಾಡಿ ಹೊರಡುವ ಮೊದಲು. ಓಡಿದ ಟೈರು ಬಿಸಿಯಾಗಿ ಒಳಗಿನ ಒತ್ತಡ ಏರುತ್ತದೆ. ಸುಮಾರು 5-6 ಡಿಗ್ರಿ ಸೆಲ್ಸಿಯಸ್‌ಗೆ ಒಂದು ಪಿಎಸ್‌ಐ ಲೆಕ್ಕ. ಘಟ್ಟ ಇಳಿದು ಕುಮಟಾದ ಬಂಕಿನಲ್ಲಿ ಅಳೆದರೆ ನಾಲ್ಕೈದು ಪಿಎಸ್‌ಐ ಜಾಸ್ತಿ ತೋರಿಸೀತು. ಅಲ್ಲೇ ಗಾಳಿ ಬಿಡಿಸಿದರೆ ಮರುದಿನ ಬೆಳಿಗ್ಗೆ ಟೈರು ಬಡವಾಗಿರುತ್ತದೆ. "ಘಟ್ಟದ ಮೇಲಿಂದ ಕೆಳಗೆ ಬಂದರೆ ಗಾಳಿ ಬದಲಿಸಬೇಕಾ?" ಅಂತ ಒಬ್ಬರು ಕೇಳಿದ್ದರು. ಬೇಡ. ಸುಮಾರು 600 ಮೀಟರ್ ಎತ್ತರದ ವ್ಯತ್ಯಾಸಕ್ಕೆ ಗೇಜಿನಲ್ಲಿ ಒಂದು ಪಿಎಸ್‌ಐ ಆಚೀಚೆ ಆದೀತು ಅಷ್ಟೇ. ನೈಟ್ರೋಜನ್ ಗಾಳಿಗೆ ದುಡ್ಡು ಕೊಡಬೇಕಾ ಅನ್ನುವುದು ಇನ್ನೊಂದು ಪ್ರಶ್ನೆ. ನಾವು ಉಸಿರಾಡುವ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ನಾನಂತೂ ಕೊಡುವುದಿಲ್ಲ.

ಸ್ವಂತ ಗೇಜು ಇಟ್ಟುಕೊಳ್ಳಿ. ಬಂಕಿನ ಹುಡುಗ ಕೇಳದೆಯೇ ನಾಲ್ಕಕ್ಕೂ ಒಂದೇ ಅಂಕಿ ಹೊಡೆಯುತ್ತಾನೆ. ಒಮ್ಮೆ ನನ್ನ ಗಾಡಿ ಒಂದು ತಿಂಗಳು ಕುಟ್ಟಿ ಕುಟ್ಟಿ ಅಪ್ಪನ ಸೊಂಟ ಹಿಡಿಯಿತು. ಬೆಳಿಗ್ಗೆ ಅಳೆದರೆ 40 ಇತ್ತು. ಏಳು ಪಿಎಸ್‌ಐ ಇಳಿಸಿದೆ. ಗಾಡಿಯೇ ಬೇರೆಯಾಯಿತು.

ಈಗ ಗೋಣಿಚೀಲ ಹಾಸಿ ಕೂತು ಟೈರು ಸವರಿ ನೋಡಿ. ಕಣ್ಣಿಗಿಂತ ಅಂಗೈ ಚೆನ್ನಾಗಿ ಹೇಳುತ್ತದೆ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ಇತ್ತು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇತ್ತು. ಒಳಗಿನ ಅಂಚು ಮಾತ್ರ ಬೋಳಾಗಿದ್ದರೆ ಗಾಲಿಗಳು ನಿಲ್ಲುವ ನೇರ, ಅಂದರೆ ಅಲೈನ್‌ಮೆಂಟ್ ತಪ್ಪಿದೆ, ಇಲ್ಲವೇ ಕೀಲುಗಳಲ್ಲಿ ಕೂರುವ ರಬ್ಬರಿನ ಬುಷ್ ಯಾವುದೋ ಸಡಿಲ. ಅಂಗೈ ಒಂದು ಕಡೆ ಸವರಿದರೆ ನುಣುಪು, ಉಲ್ಟಾ ಸವರಿದರೆ ಗರಗಸದ ಹಾಗೆ ಚುಚ್ಚಿದರೆ ಗಾಲಿಯ ಮೂತಿ ಓರೆಯಾಗಿದೆ. ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗು ಸಿಕ್ಕಿದರೆ ಆಗ ನಿಜವಾಗಿ ಶಾಕ್ ಅಬ್ಸಾರ್ಬರ್ ಅನುಮಾನ ಪಡಿ. ಹಿಡಿತವಿಲ್ಲದ ಗಾಲಿ ನೆಲದ ಮೇಲೆ ಪುಟಿದು ಪುಟಿದು ಹಾಗೆ ತಿನ್ನುತ್ತದೆ. ಬ್ಯಾಲೆನ್ಸ್ ತಪ್ಪಿದ ಗಾಲಿಯೂ ಹೀಗೆ ಸವೆಯುವುದುಂಟು.

ಟೈರಿನ ಪಕ್ಕೆ ನೋಡುವುದನ್ನು ಮರೆಯಬೇಡಿ. ಹೊರಗಿನದು ಮಾತ್ರವಲ್ಲ, ಒಳಗಿನದೂ. ಎಲ್ಲಾದರೂ ಬೋಂಡಾದಂತೆ ಉಬ್ಬಿದ್ದರೆ ಒಳಗಿನ ನೂಲು ಹರಿದಿದೆ. ಮಳೆಗಾಲದಲ್ಲಿ ನೀರು ತುಂಬಿದ ಹೊಂಡಕ್ಕೆ ಜೋರಾಗಿ ಇಳಿದಾಗ ಆಗುವ ಗಾಯ ಇದು. ಇದಕ್ಕೆ ರಿಪೇರಿ ಇಲ್ಲ. ಆ ಟೈರಿನಲ್ಲಿ ಅರಬೈಲ್ ಘಟ್ಟಕ್ಕೆ ಹೊರಡಬೇಡಿ, ಪಂಕ್ಚರ್ ಅಂಗಡಿಯವರು ಪ್ಯಾಚ್ ಹಾಕಿ ಕೊಡುತ್ತೇನೆ ಅಂದರೂ ಬೇಡ.

ಪಕ್ಕೆಯ ಮೇಲೆ ನಾಲ್ಕಂಕಿಯ ಒಂದು ಗುರುತು ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. ಪಟ್ಟೆ ಚೆನ್ನಾಗಿ ಕಂಡರೂ ರಬ್ಬರು ವಯಸ್ಸಾದಂತೆ ಗಟ್ಟಿಯಾಗುತ್ತದೆ, ಪಕ್ಕೆಯಲ್ಲಿ ಸಣ್ಣ ಬಿರುಕು ಬೀಳುತ್ತದೆ. ವಾರಕ್ಕೊಮ್ಮೆ ಪೇಟೆಗೆ ಹೋಗಿ ಬರುವ ಗಾಡಿಗಳಲ್ಲಿ ಇದು ಜಾಸ್ತಿ. ಟೈರು ಸವೆಯುವ ಮೊದಲೇ ಮುದಿಯಾಗಿರುತ್ತದೆ. ಗಾಡಿ ಕುಟ್ಟುತ್ತದೆ, ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಪಟ್ಟೆಯ ಆಳ 1.6 ಮಿಲಿಮೀಟರಿಗೆ ಬಂದರೆ ಟೈರಿನ ಆಯುಷ್ಯ ಮುಗಿದ ಹಾಗೆ. ನಮ್ಮ ಮಳೆಗೆ ಅಷ್ಟರವರೆಗೂ ಕಾಯುವುದು ಒಳ್ಳೆಯದಲ್ಲ.

ಕೆಂಪು ಮಣ್ಣಿನ ನಡುಕ

ಇದು ನಮ್ಮ ಕಡೆಯ ವಿಶೇಷ. ಜುಲೈ ತಿಂಗಳಿನಲ್ಲಿ ತೋಟದ ದಾರಿಯಲ್ಲಿ ಓಡಾಡಿದ ಗಾಡಿಯ ರಿಮ್ಮಿನ ಒಳಬದಿಯಲ್ಲಿ ಕೆಂಪು ಮಣ್ಣು ಮೆತ್ತಿಕೊಳ್ಳುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಬಿಸಿಲು ಬಂದಾಗ ಒಂದು ಬದಿಯ ಮಣ್ಣು ಒಣಗಿ ಉದುರುತ್ತದೆ, ಇನ್ನೊಂದು ಬದಿಯದು ಗಾರೆಯಾಗಿ ಕೂರುತ್ತದೆ. ಗಾಲಿ ಬ್ಯಾಲೆನ್ಸ್ ಮಾಡಲು ಅಂಟಿಸುವ ತೂಕ ಐದು ಹತ್ತು ಗ್ರಾಮಿನದು. ಅಂಗೈ ಅಗಲದ ಮಣ್ಣಿನ ಹೆಂಟೆ ಎಷ್ಟು ತೂಗುತ್ತದೆ ನೀವೇ ಯೋಚಿಸಿ.

ಹಾಗಾಗಿ ನಡುಕದ ದೂರಿದ್ದರೆ ಮೊದಲು ಪೈಪು ಹಿಡಿದು ಗಾಲಿಯ ಒಳಬದಿ ತೊಳೆಯಿರಿ. ನಾಲ್ಕೂ ಗಾಲಿ. ಗಾಡಿಯನ್ನು ಅರ್ಧ ಸುತ್ತು ಮುಂದೆ ತಳ್ಳಿ ಉಳಿದ ಭಾಗವನ್ನೂ ತೊಳೆಯಿರಿ. ಆಮೇಲೆ ವೀಲ್ ನಟ್ಟುಗಳು ಬಿಗಿ ಇವೆಯೇ ನೋಡಿ. ಇಷ್ಟರಲ್ಲೇ ನಡುಕ ಹೋದ ಗಾಡಿಗಳನ್ನು ಕಂಡಿದ್ದೇನೆ.

ಹೋಗದಿದ್ದರೆ ಬ್ಯಾಲೆನ್ಸಿಂಗ್. ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಬ್ಯಾಲೆನ್ಸಿಂಗ್ ಬೇರೆ, ಅಲೈನ್‌ಮೆಂಟ್ ಬೇರೆ. ಗಾಲಿಯ ಒಂದು ಬದಿ ಭಾರವಾಗಿದ್ದರೆ ನಡುಕ. ಅದಕ್ಕೆ ಬ್ಯಾಲೆನ್ಸಿಂಗ್. ಗಾಲಿಗಳ ಮುಖ ಓರೆಯಾಗಿದ್ದರೆ ಗಾಡಿ ಒಂದು ಕಡೆ ಎಳೆಯುತ್ತದೆ, ಟೈರು ತಿನ್ನುತ್ತದೆ. ಅದಕ್ಕೆ ಅಲೈನ್‌ಮೆಂಟ್. 80ರಲ್ಲಿ ಸ್ಟೇರಿಂಗ್ ನಡುಗುತ್ತದೆ ಅಂತ ಬರೀ ಅಲೈನ್‌ಮೆಂಟ್ ಮಾಡಿಸಿದರೆ ಉಪಯೋಗವಿಲ್ಲ. ಅಂದ ಹಾಗೆ, ನೀರು ಹರಿದು ಹೋಗಲು ರಸ್ತೆಯ ಅಂಚು ಎಡಕ್ಕೆ ಇಳಿಜಾರಾಗಿರುತ್ತದೆ. ಸ್ಟೇರಿಂಗ್ ಸಡಿಲ ಹಿಡಿದಾಗ ಗಾಡಿ ನಿಧಾನಕ್ಕೆ ಎಡಕ್ಕೆ ಸರಿದರೆ ಅದು ದೋಷವಲ್ಲ.

ಬ್ಯಾಲೆನ್ಸಿಂಗ್ ಮಾಡಿಸುವಾಗ ಅಲ್ಲೇ ನಿಂತಿರಿ. ಗಾಲಿ ಮೆಷಿನಿನಲ್ಲಿ ತಿರುಗುವಾಗ ರಿಮ್ಮಿನ ಅಂಚು ನೋಡಿ. ಅಂಚು ಹಾವಿನ ಹಾಗೆ ಆಡಿದರೆ ರಿಮ್ ಬೆಂಡ್. ಟೈರಿನ ಮೇಲ್ಮೈ ಏರಿಳಿದರೆ ಟೈರೇ ಸೊಟ್ಟ. ಈ ಎರಡಕ್ಕೂ ಎಷ್ಟು ತೂಕ ಅಂಟಿಸಿದರೂ ಗುಣ ಕಾಣುವುದಿಲ್ಲ. ಯಾವ ಗಾಲಿ ಅಂತ ಗೊತ್ತಾಗದಿದ್ದರೆ ಮುಂದಿನ ಗಾಲಿಗಳನ್ನು ಹಿಂದಕ್ಕೆ ಹಾಕಿ ಓಡಿಸಿ ನೋಡಿ. ನಡುಕ ಸ್ಟೇರಿಂಗಿನಿಂದ ಸೀಟಿಗೆ ಹೋಯಿತೇ? ಕಳ್ಳ ಸಿಕ್ಕಿದ.

ಅಂಗಳದ ಪರೀಕ್ಷೆ

ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ. ಒಂದೊಂದು ಗಾಲಿಯ ಮೇಲೂ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎಷ್ಟು ಬೆರಳು ಜಾಗ ಇದೆ ಅಳೆಯಿರಿ. ಒಂದು ಮೂಲೆ ಮಾತ್ರ ಕೂತಿದ್ದರೆ ಸ್ಪ್ರಿಂಗ್ ಮುರಿದಿರಬಹುದು. ಕಾರವಾರ, ಅಂಕೋಲಾ, ಹೊನ್ನಾವರದ ಕಡೆಯ ಗಾಡಿಗಳಲ್ಲಿ ಇದನ್ನು ಖಂಡಿತ ನೋಡಬೇಕು. ಉಪ್ಪುಗಾಳಿಗೆ ಸ್ಪ್ರಿಂಗಿನ ಬಣ್ಣ ಎದ್ದು, ಕೆಳಗಿನ ಸುತ್ತಿನಲ್ಲಿ ತುಕ್ಕು ಹಿಡಿದು, ಒಂದು ದಿನ ಟಣ್ ಅಂತ ಮುರಿಯುತ್ತದೆ. ಮುರಿದ ತುಂಡು ಬಟ್ಟಲಿನೊಳಗೆ ಮಣ್ಣಿನಡಿ ಅಡಗಿ ಕೂರುವುದರಿಂದ ಬಗ್ಗಿ ನೋಡಿದರೂ ಕಾಣುವುದಿಲ್ಲ. ನಿಂತಲ್ಲೇ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಸ್ಪ್ರಿಂಗು ಹಾರಿದ ಹಾಗೆ ಸದ್ದು ಬಂದರೆ ಟಾರ್ಚು ಹಿಡಿದು ಕೆಳಸುತ್ತು ಹುಡುಕಿ. ಸಮುದ್ರದಂಡೆಯ ಮರಳಿಗೆ ಗಾಡಿ ಇಳಿಸುವ ಹುಚ್ಚಿದ್ದರೆ ಬಿಡಿ. ಇಳಿಸಿದ್ದೇ ಆದರೆ ಅದೇ ದಿನ ಸಿಹಿನೀರಿನಲ್ಲಿ ಅಡಿ ತೊಳೆಯಿರಿ.

ಆಮೇಲೆ ಬಾನೆಟ್ಟಿನ ಒಂದು ಮೂಲೆಯನ್ನು ಮೈಭಾರ ಹಾಕಿ ಒತ್ತಿ, ಬಿಟ್ಟುಬಿಡಿ. ಮೇಲೆ ಬಂದು, ಒಂದು ಸಲ ಇಳಿದು, ನಿಲ್ಲಬೇಕು. ಎರಡು ಮೂರು ಸಲ ತೂಗಿದರೆ ಆ ಶಾಕ್ ಅಬ್ಸಾರ್ಬರ್ ಮುಗಿಯಿತು. ನಿಂತಿತು ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತಲ್ಲ. ಅರ್ಧ ಸತ್ತದ್ದು ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಅದಕ್ಕೇ ಟಾರ್ಚು ಹಿಡಿದು ಮೈ ನೋಡಬೇಕು. ಸ್ವಲ್ಪ ಎಣ್ಣೆ ಬೆವತಂತೆ ಇದ್ದರೆ ಚಿಂತೆ ಇಲ್ಲ. ಎಣ್ಣೆ ಇಳಿದು ಧೂಳು ಮೆತ್ತಿ ಕೆಸರಾಗಿದ್ದರೆ ಸೀಲು ಹೋಗಿದೆ.

ಈಗ ಜಾಕ್. ಇಲ್ಲಿ ಕೋಪ ಮಾಡಿಕೊಂಡಾದರೂ ಹೇಳಬೇಕು. ಬರೀ ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕಬೇಡಿ. ಅಂಗಳದ ಮಣ್ಣು ಮೆತ್ತಗಿರುತ್ತದೆ, ಜಾಕ್ ಹೂತು ವಾಲುತ್ತದೆ. ಅಡಿಗೆ ದಪ್ಪ ಹಲಗೆ ಇಡಿ. ಹ್ಯಾಂಡ್ ಬ್ರೇಕ್ ಹಾಕಿ, ಮೂಲೆಯಿಂದ ಮೂಲೆಗೆ ಎದುರಾಗುವ ಗಾಲಿಗೆ ಎರಡೂ ಬದಿ ಕಲ್ಲು ಕೊಡಿ. ಗಾಡಿಗೆ ಆಸರೆಯಾಗಿ ಚಿರೆಕಲ್ಲು ಇಡುವವರಿದ್ದಾರೆ. ಚಿರೆಕಲ್ಲು ಗೋಡೆಗೆ ಸರಿ. ಒಂದೇ ಜಾಗದಲ್ಲಿ ಕಬ್ಬಿಣ ಒತ್ತಿದರೆ ಪುಡಿಯಾಗಿ ಕೂರುತ್ತದೆ. ಸಿಮೆಂಟಿನ ಟೊಳ್ಳು ಬ್ಲಾಕೂ ಅಷ್ಟೇ. ಅಡಿಗೆ ಹೋಗಲೇಬೇಕಿದ್ದರೆ ಜಾಕ್ ಸ್ಟ್ಯಾಂಡ್ ಬೇಕು. ಇಲ್ಲದಿದ್ದರೆ ಆ ಕೆಲಸ ಗ್ಯಾರೇಜಿಗೆ ಬಿಡಿ.

ಮುಂದೆ ಹೇಳುವ ಪರೀಕ್ಷೆಗೆ ಅಡಿಗೆ ಹೋಗಬೇಕಾಗಿಲ್ಲ. ಮುಂದಿನ ಒಂದು ಗಾಲಿ ನೆಲ ಬಿಟ್ಟು ಏಳಲಿ. ಗಾಲಿಯ ತಲೆ ಮತ್ತು ಬುಡ ಹಿಡಿದು ಒಂದನ್ನು ಎಳೆಯಿರಿ, ಇನ್ನೊಂದನ್ನು ತಳ್ಳಿ. ಲೊಟಕ್ ಅಂದರೆ ಬೇರಿಂಗ್ ಇಲ್ಲವೇ ಗಾಲಿಯನ್ನು ಹಿಡಿದಿರುವ ಗುಂಡಿನ ಕೀಲು, ಅಂದರೆ ಬಾಲ್ ಜಾಯಿಂಟ್. ಯಾವುದು? ಜೊತೆಯವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೊಮ್ಮೆ ಅಲ್ಲಾಡಿಸಿ. ಲೊಟಕ್ ನಿಂತರೆ ಬೇರಿಂಗ್, ಹಾಗೇ ಇದ್ದರೆ ಬಾಲ್ ಜಾಯಿಂಟ್ ಕಡೆ ಅನುಮಾನ. ಇನ್ನು ಗಾಲಿಯನ್ನು ಎಡ ಬಲ ಹಿಡಿದು ಅಲ್ಲಾಡಿಸಿ. ಆ ಆಟ ಹೆಚ್ಚಾಗಿ ಸ್ಟೇರಿಂಗಿನಿಂದ ಗಾಲಿಗೆ ಹೋಗುವ ಕಂಬಿಯ ತುದಿ, ಅಂದರೆ ಟೈರಾಡ್ ಎಂಡ್, ಅಥವಾ ಆ ಕಂಬಿಯನ್ನು ಎಡ ಬಲ ಸರಿಸುವ ರ್‍ಯಾಕಿನದ್ದು. ಬಾಲ್ ಜಾಯಿಂಟಿನಲ್ಲೋ ಟೈರಾಡಿನಲ್ಲೋ ಆಟ ಕಂಡರೆ ಘಟ್ಟಕ್ಕೆ ಹೋಗುವ ಯೋಚನೆ ಬಿಟ್ಟು ನೇರ ಗ್ಯಾರೇಜಿಗೆ ಹೋಗಿ. ಅದು ಕಳಚಿದರೆ ಗಾಲಿ ನಿಮ್ಮ ಮಾತು ಕೇಳುವುದಿಲ್ಲ.

ಸದ್ದಿನ ಭಾಷೆ

ಕನ್ನಡದಲ್ಲಿ ಸದ್ದಿಗೆ ಎಷ್ಟೊಂದು ಮಾತಿವೆ. ಗ್ಯಾರೇಜಿನಲ್ಲಿ ಅವನ್ನು ಬಳಸಲು ನಾಚಬೇಡಿ. ಒಳ್ಳೆಯ ಮೇಸ್ತ್ರಿಗೆ "ಸಸ್ಪೆನ್ಶನ್ ಪ್ರಾಬ್ಲಂ" ಅನ್ನುವುದಕ್ಕಿಂತ "ಕಟಕಟ" ಜಾಸ್ತಿ ಹೇಳುತ್ತದೆ.

ನಿಧಾನವಾಗಿ ಹೋಗುವಾಗ, ಸಣ್ಣ ಸಣ್ಣ ಹೊಂಡದಲ್ಲಿ, ಒಂದೇ ಗಾಲಿ ಇಳಿದಾಗ ಕಟಕಟ: ಲಿಂಕ್ ರಾಡ್, ಇಲ್ಲವೇ ಸ್ಟೆಬಿಲೈಸರ್ ಕಂಬಿಯ ಬುಷ್. ಆ ಕಂಬಿ ಲಿಂಕ್ ರಾಡುಗಳ ಮೂಲಕ ಎಡ ಬಲ ಗಾಲಿಗಳನ್ನು ಜೋಡಿಸುತ್ತದೆ. ಎರಡೂ ಗಾಲಿ ಒಟ್ಟಿಗೆ ಹಂಪ್ಸ್ ಹತ್ತಿದರೆ ಅದಕ್ಕೆ ತಿರುಚು ಬೀಳುವುದಿಲ್ಲ, ಸದ್ದೂ ಕಡಿಮೆ. ನನ್ನ ಗಾಡಿ ಎಷ್ಟೋ ವಾರ ಇದನ್ನೇ ಹೇಳುತ್ತಿತ್ತು, ನನಗೆ ಕೇಳಲಿಲ್ಲ. ಲಿಂಕ್ ರಾಡ್ ನೋಡುವಾಗ ಒಂದು ಗಾಲಿ ಮಾತ್ರ ಎತ್ತಿದರೆ ಕಂಬಿ ತಿರುಚಿ ಬಿಗಿಯಾಗಿ, ಸಡಿಲ ಜಾಯಿಂಟೂ ಗಟ್ಟಿ ಅನ್ನಿಸುತ್ತದೆ. ಗಾಡಿ ನೆಲದ ಮೇಲೆ ನಿಂತಾಗಲೇ ಸ್ಟೇರಿಂಗ್ ಒಂದು ಬದಿ ತಿರುಗಿಸಿ, ಕೈ ಹಾಕಿ ಅಲ್ಲಾಡಿಸಬೇಕು. ಮೇಸ್ತ್ರಿಗಳ ಒಂದು ಉಪಾಯವೂ ಇದೆ. ಎರಡೂ ಲಿಂಕ್ ರಾಡ್ ಬಿಚ್ಚಿ ಬದಿಗಿಟ್ಟು, ಓಣಿಯಲ್ಲಿ ನಿಧಾನಕ್ಕೆ ಒಂದು ಸುತ್ತು. ಸದ್ದು ಮಾಯವಾದರೆ ತೀರ್ಮಾನವಾಯಿತು. ಆದರೆ ಹಾಗೇ ದೂರ ಓಡಿಸಬೇಡಿ, ಗಾಡಿ ತಿರುವಿನಲ್ಲಿ ಜಾಸ್ತಿ ವಾಲುತ್ತದೆ.

ದೊಡ್ಡ ಹೊಂಡದಲ್ಲಿ ಒಂದೇ ಸಲ ಢಬ್: ಸ್ಪ್ರಿಂಗು ಪೂರ್ತಿ ಒತ್ತಿದಾಗ ಪೆಟ್ಟು ತಡೆಯುವ ಬಂಪ್ ಸ್ಟಾಪ್ ರಬ್ಬರು ಪುಡಿಯಾಗಿದೆ, ಅಥವಾ ಶಾಕ್ ಅಬ್ಸಾರ್ಬರಿನ ತಲೆಯ ಮೌಂಟಿಂಗ್ ಹೋಗಿದೆ. ನಿಂತಲ್ಲಿ ಸ್ಟೇರಿಂಗ್ ತಿರುಗಿಸಿದಾಗ ಕಿರ್ರ್ ಅಂದರೆ ಆ ಮೌಂಟಿಂಗಿನ ಬೇರಿಂಗ್ ಒಣಗಿದೆ. ಬ್ರೇಕ್ ಒತ್ತಿದಾಗ, ರಿವರ್ಸಿಗೆ ಹಾಕಿ ಹೊರಟಾಗ ಒಂದು ಕಟ್: ಗಾಲಿಯನ್ನು ಗಾಡಿಯ ಮೈಗೆ ಹಿಡಿದಿಡುವ ಕೆಳತೋಳು, ಅಂದರೆ ಲೋವರ್ ಆರ್ಮಿನ ಬುಷ್. ಸ್ಟೇರಿಂಗ್ ಪೂರ್ತಿ ತಿರುಗಿಸಿ ಗಾಡಿ ಹೊರಡಿಸಿದಾಗ ಟಕ್ ಟಕ್ ಟಕ್: ಆಕ್ಸಲಿನ ಹೊರ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಗೆ ಚಿಮ್ಮಿರುತ್ತದೆ, ಒಳಗೆ ಕೆಂಪು ಮಣ್ಣು ಹೊಕ್ಕಿರುತ್ತದೆ. ಬೂಟ್ ಹರಿದ ವಾರದಲ್ಲೇ ನೋಡಿದರೆ ಬೂಟ್ ಮತ್ತು ಗ್ರೀಸಿನಲ್ಲಿ ಮುಗಿಯುತ್ತದೆ, ಬಿಟ್ಟರೆ ಜಾಯಿಂಟೇ ಹೋಗುತ್ತದೆ. ಏರಿನಲ್ಲಿ ಆಕ್ಸಿಲೇಟರ್ ಒತ್ತಿದಾಗ ಮಾತ್ರ ಗಾಡಿ ನಡುಗಿದರೆ ಒಳ ಜಾಯಿಂಟ್ ನೋಡಿಸಿ.

ವೇಗ ಏರಿದಂತೆ ಏರುವ ಗುಂಯ್ ಸದ್ದು ಟೈರಿನದೋ ಬೇರಿಂಗಿನದೋ? ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ಸದ್ದು ಬದಲಾದರೆ ಟೈರು. ಬದಲಾಗದಿದ್ದರೆ, ಖಾಲಿ ರಸ್ತೆಯ ಉದ್ದನೆಯ ಬಲ ತಿರುವಿನಲ್ಲಿ ಗಮನಿಸಿ. ಆಗ ಭಾರ ಎಡ ಗಾಲಿಗೆ ಬೀಳುತ್ತದೆ. ಸದ್ದು ಜಾಸ್ತಿಯಾದರೆ ಎಡದ ಬೇರಿಂಗ್. ಎಡ ತಿರುವಿಗೆ ಇದರ ಉಲ್ಟಾ.

ನಿಂತಲ್ಲೇ, ನ್ಯೂಟ್ರಲ್‌ನಲ್ಲಿ ಗಾಡಿ ನಡುಗಿದರೆ ಸಸ್ಪೆನ್ಶನ್ನಿಗೂ ಅದಕ್ಕೂ ಸಂಬಂಧವಿಲ್ಲ. ಎಂಜಿನ್ ಮೌಂಟಿಂಗ್ ಅಥವಾ ಎಂಜಿನ್ನಿನದೇ ದೋಷ. ಮೂರು ಸಿಲಿಂಡರಿನ ಗಾಡಿಗಳು ಹುಟ್ಟಾ ಸ್ವಲ್ಪ ನಡುಗುತ್ತವೆ.

ಘಟ್ಟ ಇಳಿದ ಮೇಲೆ ಬ್ರೇಕ್ ನಡುಗಿದರೆ

ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ನಡುಗಿ, ಪೆಡಲು ಕಾಲಿಗೆ ಮಿಡಿದರೆ ಡಿಸ್ಕ್ ಒಂದೇ ದಪ್ಪ ಉಳಿದಿಲ್ಲ ಎಂದರ್ಥ. ದೇವಿಮನೆ, ಅರಬೈಲ್, ಅಣಶಿ, ಯಾವ ಘಟ್ಟವಾದರೂ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಡಿಸ್ಕ್ ಕೆಂಡವಾಗುತ್ತದೆ. ಬಿಸಿ ಡಿಸ್ಕಿಗೆ ಪ್ಯಾಡ್ ಒತ್ತಿ ಹಿಡಿದು ನಿಂತರೆ ಆ ಜಾಗದಲ್ಲಿ ಪ್ಯಾಡಿನ ಪದರ ಅಂಟುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಅಂತ ಹಳೆಯ ಲಾರಿ ಡ್ರೈವರುಗಳು ಹೇಳುವುದು ಇದಕ್ಕೇ. ಸ್ವಲ್ಪ ನಡುಕವಾದರೆ ಡಿಸ್ಕನ್ನು ಲೇತಿಗೆ ಹಾಕಿ ಸಮ ಮಾಡಿಸಬಹುದು. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಬಹಳ ಡಿಸ್ಕುಗಳ ಮೇಲೆಯೇ ಕೊರೆದಿರುತ್ತದೆ. ಅದಕ್ಕಿಂತ ತೆಳುವಾದರೆ ಹೊಸದೇ ಬೇಕು. ಜಾರುವಾಗ ಜೋರಾಗಿ ಒತ್ತಿದರೆ ಪೆಡಲು ಗರಗರ ಅನ್ನುವುದು ಗಾಲಿ ಕಚ್ಚಿ ನಿಲ್ಲದ ಹಾಗೆ ತಡೆಯುವ ಎಬಿಎಸ್. ಅದು ಬೇರೆ, ಅದು ಒಳ್ಳೆಯದೇ.

ಬಿಚ್ಚುವಾಗ, ಜೋಡಿಸುವಾಗ

ಗಾಳಿ, ಮಣ್ಣು, ನಟ್ಟು ಮನೆಯ ಕೆಲಸ. ಕೈ ಪಳಗಿದ್ದರೆ ಲಿಂಕ್ ರಾಡೂ ಸರಿ. ಮುಂದಿನ ಶಾಕ್ ಅಬ್ಸಾರ್ಬರ್ ಮಾತ್ರ ಬೇಡ. ಅದರ ಸುತ್ತ ಸ್ಪ್ರಿಂಗು ಒತ್ತಿ ಕೂತಿರುತ್ತದೆ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಹಾಕದೆ ಮೇಲಿನ ನಟ್ಟು ಬಿಚ್ಚಿದರೆ ಅದು ಹಾರುವ ವೇಗಕ್ಕೆ ಮುಖ ಉಳಿಯುವುದಿಲ್ಲ.

ಗ್ಯಾರೇಜಿನಲ್ಲಿ ಮಾಡಿಸುವಾಗ ಕೆಲವು ಮಾತು ಮೊದಲೇ ಆಡಿಕೊಳ್ಳಿ. ಶಾಕ್ ಅಬ್ಸಾರ್ಬರ್ ಬದಲಿಸಿದರೆ ಎಡ ಬಲ ಜೋಡಿಯಾಗಿ. ಬಿಚ್ಚಿದಾಗಲೇ ಮೌಂಟಿಂಗ್, ಬಂಪ್ ಸ್ಟಾಪ್, ಧೂಳು ತಡೆಯುವ ಬೂಟ್ ನೋಡಿಸಿ. ಮತ್ತೊಮ್ಮೆ ಬಿಚ್ಚಿಸಿದರೆ ಮತ್ತೊಮ್ಮೆ ಮಜೂರಿ. ಹಳೆಯ ಸಾಮಾನು ನಿಮಗೆ ವಾಪಸ್ ಬೇಕು ಅನ್ನಿ. ಕೈಯಲ್ಲಿ ಹಿಡಿದರೆ ನಿಜವಾಗಿ ಹೋಗಿತ್ತೋ ಇಲ್ಲವೋ ಗೊತ್ತಾಗುತ್ತದೆ.

ಬಹಳ ಕಡೆ ತಪ್ಪುವ ಒಂದು ವಿಷಯ ಬುಷ್. ಲೋವರ್ ಆರ್ಮಿನ ಬುಷ್ ಹಾಕಿದ ಮೇಲೆ ಗಾಡಿ ಇನ್ನೂ ಮೇಲೆ ನೇತಾಡುತ್ತಿರುವಾಗಲೇ ಬೋಲ್ಟು ಪೂರ್ತಿ ಬಿಗಿ ಮಾಡಿಬಿಡುತ್ತಾರೆ. ಆಗ ಗಾಲಿ ಜೋತು ಬಿದ್ದಿರುತ್ತದೆ. ಗಾಡಿ ಕೆಳಗಿಳಿದ ಕೂಡಲೇ ರಬ್ಬರು ತಿರುಚಿಕೊಂಡು ಕೂರುತ್ತದೆ. ಸವಾರಿ ಗಡುಸಾಗುತ್ತದೆ, ಬುಷ್ ಬೇಗ ಹರಿಯುತ್ತದೆ. ಗಾಡಿಯ ಭಾರ ಗಾಲಿಯ ಮೇಲೆ ಬಿದ್ದ ಮೇಲೆಯೇ ಆ ಬೋಲ್ಟಿಗೆ ಕೊನೆಯ ಬಿಗಿ ಕೊಡಬೇಕು. ಇದನ್ನು ಹೇಳಿದಾಗ ಮೇಸ್ತ್ರಿ ಹುಬ್ಬೇರಿಸಿದರೆ ಗಾಬರಿಯಾಗಬೇಡಿ, ನಗುತ್ತಲೇ ಇನ್ನೊಮ್ಮೆ ಹೇಳಿ.

ಬೇಡವಾದವುಗಳೂ ಇವೆ. ಸ್ಪ್ರಿಂಗಿನ ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್ ಮಾರುತ್ತಾರೆ. ಗಾಡಿ ಸ್ವಲ್ಪ ಮೇಲೇಳುತ್ತದೆ ನಿಜ. ಆದರೆ ಸ್ಪ್ರಿಂಗಿನ ಆಟ ಕಡಿಮೆಯಾಗಿ ಕುಟ್ಟುವುದು ಹೆಚ್ಚುತ್ತದೆ. ಅಡಿಕೆ ಮೂಟೆ ಹೇರಿ ಹಿಂಬದಿ ಕೂರುತ್ತದೆ ಅಂತ ಹಾಕಿಸುವವರು, ಕಾರಿಗೆ ಮೂಟೆ ಹೇರುವುದನ್ನು ಬಿಟ್ಟರೆ ಬಫರೂ ಬೇಕಾಗಲಿಕ್ಕಿಲ್ಲ. ದೊಡ್ಡ ರಿಮ್ಮು, ತೆಳು ಪಕ್ಕೆಯ ಟೈರು ನೋಡಲು ಚೆಂದ, ನಮ್ಮ ಹೊಂಡಕ್ಕೆ ಅಲ್ಲ. ಮಳೆಗಾಲಕ್ಕೆ ಮೊದಲು ತುಕ್ಕು ಹಿಡಿಯಬಾರದು ಅಂತ ಅಡಿಗೆಲ್ಲ ಸುಟ್ಟ ಎಂಜಿನ್ ಆಯಿಲ್, ಡೀಸೆಲ್ ಹೊಡೆಸುವ ರೂಢಿಯೂ ಬಿಡಬೇಕಾದದ್ದೇ. ಕಬ್ಬಿಣಕ್ಕೆ ಏನಾಗುತ್ತದೋ, ಬುಷ್ಷಿನ ರಬ್ಬರು ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗುತ್ತದೆ. ಕಿರ್ ಅನ್ನುವ ಬುಷ್ಷಿಗೆ ಸಿಲಿಕೋನ್ ಸ್ಪ್ರೇ ಹೊಡೆದು ನೋಡಬಹುದು. ಸದ್ದು ಹೋದರೆ ಯಾವ ಬುಷ್ ಅಂತ ಗೊತ್ತಾಯಿತು, ಅಷ್ಟಕ್ಕೆ ಉಪಯೋಗ.

ಬೊಲೆರೋ, ಹಳೆಯ ಓಮ್ನಿಯವರಿಗೆ ಒಂದು ಮಾತು. ಹಿಂದೆ ಪ್ಲೇಟು ಸ್ಪ್ರಿಂಗು ಇರುವ ಗಾಡಿ ಖಾಲಿ ಇದ್ದಾಗ ಕುಣಿಯುವುದೇ ಅದರ ಗುಣ. ನಾಲ್ಕು ಜನ ಕೂತ ಮೇಲೂ ಕುಟ್ಟಿದರೆ ಆಗ ಪ್ಲೇಟುಗಳ ನಡುವೆ ತುಕ್ಕು ಹಿಡಿದಿದೆಯೋ, ಕೊಂಡಿಯ ಬುಷ್ ಹೋಗಿದೆಯೋ ನೋಡಿಸಿ. ನಿಮ್ಮ ಕಾರಿನ ಕುಲುಕು ದೋಷವೋ ಸ್ವಭಾವವೋ ಅನ್ನುವ ಅನುಮಾನವಿದ್ದರೆ ಅದೇ ಮಾಡೆಲಿನ ಇನ್ನೊಂದು ಗಾಡಿಯಲ್ಲಿ ಅದೇ ರಸ್ತೆಯಲ್ಲಿ ಕೂತು ಬನ್ನಿ.

ಶಾಕ್ ಅಬ್ಸಾರ್ಬರ್, 
ಟೈರಾಡ್, ಲೋವರ್ ಆರ್ಮ್, ಇವುಗಳಲ್ಲಿ ಏನೇ ಬಿಚ್ಚಿದ್ದರೂ ಕೊನೆಗೆ ಅಲೈನ್‌ಮೆಂಟ್ ಆಗಲೇಬೇಕು. ಗಾಲಿ ಬಿಚ್ಚಿದ್ದರೆ 50-100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ ಮತ್ತೊಮ್ಮೆ ಬಿಗಿ ನೋಡಿ. ಪಾನಾದ ಮೇಲೆ ಹತ್ತಿ ನಿಂತು ಕುಣಿಯಬೇಡಿ, ಗಾಡಿಯ ಪುಸ್ತಕದಲ್ಲಿ ಎಷ್ಟು ಬಿಗಿ ಅಂತ ಬರೆದಿರುತ್ತದೆ. ಆಮೇಲೆ ಮೊದಲು ಹೋದ ಅದೇ ರಸ್ತೆಗೆ, ಅದೇ ವೇಗದಲ್ಲಿ, ಪಕ್ಕದಲ್ಲಿ ಅದೇ ಜನರನ್ನು ಕೂರಿಸಿಕೊಂಡು, ಬರೆದಿಟ್ಟ ಚೀಟಿ ಹಿಡಿದು ಹೋಗಿ ಬನ್ನಿ. ಡಿಕ್ಕಿ ಮಾತ್ರ ಇನ್ನೂ ಖಾಲಿಯೇ ಇರಲಿ.